ಪಕ್ಕೆಮರದ ಮೇಲೆ ಸುಣ್ಣದ ಬೊಟ್ಟು

ಹೊರಡುವ ಮುಂಚೆ: ಅಕ್ಕಿಹೆಬ್ಬಾಳು

ಹೊರದೇಶಕ್ಕೆ ಹೋಗಿ ಬಂದವರು ವಿಮಾನದಿಂದ ಕಥೆ ಶುರು ಮಾಡುತ್ತಾರೆ. ನಾನು ದೋಣಿಯಿಂದ ಶುರು ಮಾಡಬೇಕು. ಆ ದೋಣಿ ಇಲ್ಲದಿದ್ದರೆ ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ನಾನು ಒಮಾನ್ ದೇಶ ನೋಡುತ್ತಲೂ ಇರಲಿಲ್ಲ, ಈಗ ಇದನ್ನು ಬರೆಯುತ್ತಲೂ ಇರಲಿಲ್ಲ.

ಅಕ್ಕಿಹೆಬ್ಬಾಳಿನ ಹತ್ತಿರ ಹೇಮಾವತಿ ದಾಟಲು ಅಪ್ಪನ ಕಾಲದಿಂದ ನಮ್ಮ ಮನೆಯದೊಂದು ಮರದ ದೋಣಿ ಇತ್ತು. ಅಪ್ಪ ಹೋದ ಮೇಲೆ ಅಣ್ಣ ಬೋರಣ್ಣ ಹುಟ್ಟು ಹಿಡಿದ. ನಾನು ಮರಗೆಲಸ ಕಲಿತೆ. ದೋಣಿ ಅಣ್ಣನದು, ದೋಣಿಯ ಮರ ನನ್ನದು ಎಂದು ಮನೆಯಲ್ಲಿ ಮಾತು. ಒಂದು ಸಲಕ್ಕೆ ಹನ್ನೊಂದು ಜನ, ಹನ್ನೆರಡನೆಯವನು ಮಾವನಾದರೂ ದಡದಲ್ಲೇ ನಿಲ್ಲಬೇಕು. ಅಣ್ಣ ಬೆರಳು ಮಡಚಿ ಎಣಿಸಿಯೇ ಹಗ್ಗ ಬಿಚ್ಚುತ್ತಿದ್ದ.

ಒಂದು ಬೇಸಿಗೆಯಲ್ಲಿ ನೀರು ಇಳಿದಾಗ ದೋಣಿಯನ್ನು ದಡಕ್ಕೆ ಎಳೆದು ಹಾಕಿದ್ದೆವು. ಹಲಗೆಗಳನ್ನು ಒಳಗಿನಿಂದ ಹಿಡಿದು ನಿಲ್ಲಿಸುವ ಬಾಗಿದ ಮರಗಳನ್ನು ನಾವು ಪಕ್ಕೆಮರ ಅನ್ನುತ್ತೇವೆ. ಹಿಂಬದಿಯ ಬಲಗಡೆ ಪಕ್ಕೆಮರ ನೋಡು ಎಂದು ಅಣ್ಣ ಹೇಳಿದ. ಉಳಿ ಚುಚ್ಚಿದೆ. ಮೇಲೆ ಗಟ್ಟಿ, ಒಳಗೆ ಹುಡಿ. ಹಲಗೆ ಬಿಚ್ಚಿ ಹೊಸ ಮರ ಕೂರಿಸಲು ಮೂರು ದಿನ ಬೇಕು. ಅವತ್ತೇ ಪಾಂಡವಪುರದಲ್ಲಿ ಕಬಡ್ಡಿ ಪಂದ್ಯ. ಗೆಳೆಯರು ಬಸ್ಸಿಗೆ ಕಾಯುತ್ತಿದ್ದರು. ನಾನು ಟೊಳ್ಳಿಗೆ ಮರದ ಪುಡಿ, ರಾಳ ತುಂಬಿ, ಮೇಲೆ ಟಾರು ಬಳಿದೆ.

"ಎಂಗೈತ್ಲಾ ಮರ?" ಎಂದು ಅಣ್ಣ ಕೇಳಿದ.

"ಗಟ್ಟಿಯಾಗೈತೆ ಕಣಣ್ಣ. ಇನ್ನೈದು ವರ್ಸ ಬತ್ತದೆ."

ಆಷಾಢದ ನೀರಿನಲ್ಲಿ, ಆಚೆ ದಡ ಇನ್ನೇನು ಸಿಕ್ಕಿತು ಅನ್ನುವಾಗ ಆ ಪಕ್ಕೆಮರ ಮುರಿದು ಹಲಗೆ ಬಾಯಿ ಬಿಟ್ಟಿತು. ಕುತ್ತಿಗೆಮಟ್ಟದ ನೀರಾದ್ದರಿಂದ ಜನ ಬದುಕಿದರು. ಎರಡು ಮೇಕೆ, ಒಂದು ಸೈಕಲ್ಲು, ಡೈರಿಯ ಹಾಲಿನ ಕ್ಯಾನು ಹೋದವು. ದೋಣಿ ಮೇಲೆತ್ತಿದಾಗ ಟೊಳ್ಳಿನ ಪುಡಿಯನ್ನೆಲ್ಲ ಹೊಳೆ ತೊಳೆದಿತ್ತು. ಭಾರಕ್ಕೇ ಮುರಿಯಿತು ಎಂದರು ಜನ. ಹನ್ನೆರಡಿದ್ದರು ಎಂದ ಒಬ್ಬ, ಹದಿನಾಲ್ಕು ಎಂದ ಇನ್ನೊಬ್ಬ. ಅಣ್ಣ ಮಾತ್ರ ಹನ್ನೊಂದು, ಹನ್ನೊಂದು ಎಂದು ಒಂದು ವಾರ ಹೇಳಿದ. ಆಮೇಲೆ ಅವನಿಗೇ ಅನುಮಾನ ಹತ್ತಿತು. "ಎಣ್ಸಕ್ಕೆ ಬರದೋನು ಹುಟ್ಟು ಇಡೀಬಾರ್ದು" ಎಂದು ಹೇಳಿ, ದೋಣಿಯನ್ನು ಲಾರಿಗೆ ಹಾಕಿಕೊಂಡು ಅತ್ತಿಗೆಯ ಊರಾದ ದೇವಲಾಪುರಕ್ಕೆ ಹೊರಟುಹೋದ. ಅದು ನಾಗಮಂಗಲದ ಕಡೆಯ ಹೊಳೆಯಿಲ್ಲದ ಊರು, ರಾಗಿ, ಹುರುಳಿಯ ಬೆದ್ದಲು ಸೀಮೆ.

ನಾನು ಬಾಯಿ ಬಿಡಲಿಲ್ಲ. ಮಂಗಳೂರಿಗೆ ಹೋಗಿ ಮರದ ಹಡಗುಗಳನ್ನು ರಿಪೇರಿ ಮಾಡುವಲ್ಲಿ ಸೇರಿಕೊಂಡೆ. ಮೂರನೇ ವರ್ಷ ಅಲ್ಲಿನ ಮೇಸ್ತ್ರಿ ಮೊಯ್ದೀನಾಕ, "ಒಮಾನಿನಲ್ಲಿ ಒಂದು ಹಳೇ ಹಡಗಿನ ಕೆಲಸ ಉಂಟು, ನಾಲ್ಕು ತಿಂಗಳು. ಬರ್ತೀಯಾ?" ಎಂದರು. ಆಕ ಎಂದರೆ ಅವರ ಕಡೆ ಅಣ್ಣ. ಆ ಮಾತು ಕೇಳಿದಾಗಲೆಲ್ಲ ನನಗೆ ಬೇರೆ ಅಣ್ಣನ ನೆನಪಾಗುತ್ತಿತ್ತು. ಹೂಂ ಎಂದೆ. ದೂರ ಹೋದಷ್ಟೂ ಹಗುರಾಗುತ್ತೇನೆ ಅಂದುಕೊಂಡಿದ್ದೆ.

ಮಸ್ಕತ್

ಹೊರಡುವ ಸುದ್ದಿ ಕೇಳಿ ಅತ್ತಿಗೆ ಎರಡು ಸೇರು ಹುರಿಹಿಟ್ಟು ಕಳಿಸಿದ್ದರು. "ಅಲ್ಲಿ ರಾಗಿ ಸಿಕ್ಕಲ್ವಂತೆ, ಉಸಾರು" ಎಂದು ಹೇಳಿಕಳಿಸಿದ್ದರು. ಮಸ್ಕತ್ತಿನ ವಿಮಾನ ನಿಲ್ದಾಣದಲ್ಲಿ ಬಿಳಿ ನಿಲುವಂಗಿಯ ಅಧಿಕಾರಿ ನನ್ನ ಚೀಲದಿಂದ ಆ ಕಂದು ಪುಡಿಯ ಗಂಟನ್ನು ಎತ್ತಿ ಮೇಜಿನ ಮೇಲಿಟ್ಟ. ಪಕ್ಕದವನನ್ನು ಕರೆದ. ಅವನು ಇನ್ನೊಬ್ಬನನ್ನು ಕರೆದ. ನನಗೆ ಅವರ ಭಾಷೆ ಬರದು, ಅವರಿಗೆ ರಾಗಿ ಗೊತ್ತಿಲ್ಲ. ಕೊನೆಗೆ ನಾನೇ ಒಂದು ಹಿಡಿ ಬಾಯಿಗೆ ಹಾಕಿಕೊಂಡೆ.

ಹುರಿಹಿಟ್ಟನ್ನು ಒಣದಾಗಿ ಬಾಯಿ ತುಂಬಾ ಹಾಕಿಕೊಂಡವರಿಗೆ ಮುಂದಿನದು ಗೊತ್ತು. ನಗಬಾರದು, ಮಾತಾಡಬಾರದು, ಉಸಿರು ಬಿಡಬಾರದು. ನಾನು ಕೆಮ್ಮಿದೆ. ಮೂವರೂ ಅಧಿಕಾರಿಗಳ ಬಿಳಿ ಬಟ್ಟೆಯ ಮೇಲೆ ನಾಗಮಂಗಲ ಸೀಮೆಯ ರಾಗಿ ಕೂತಿತು. ಜೈಲು ಖಂಡಿತ ಅಂದುಕೊಂಡೆ. ಹಿರಿಯವನು ತೋಳಿನ ಮೇಲಿನ ಪುಡಿಯನ್ನು ಬೆರಳಲ್ಲಿ ತೆಗೆದು ನೆಕ್ಕಿ ನೋಡಿದ, ತಲೆಯಾಡಿಸಿದ, ಗಂಟು ಕಟ್ಟಿ ವಾಪಸು ಕೊಟ್ಟ.

"ನಿನ್ನ ಊರಿನವರು ಎಂತದ್ದನ್ನು ತಿನ್ನುವುದು ಮಾರಾಯ, ಸಿಮೆಂಟಾ?" ಎಂದು ಮೊಯ್ದೀನಾಕ ಹಡಗಿದ್ದ ಸೂರ್ ಊರಿನ ತನಕ ಬಸ್ಸಿನಲ್ಲಿ ನಗುತ್ತಲೇ ಇದ್ದರು. ಹೊರಗೆ ಹುಲ್ಲುಕಡ್ಡಿಯಿಲ್ಲದ ಬೆಟ್ಟಗಳು. ಅವುಗಳ ಮುಂದೆ ನಮ್ಮ ದೇವಲಾಪುರ ಮಲೆನಾಡು.

ಸೂರ್: ಹೇಳದೆ ಬರುವ ನೀರು

ನಾನು ಹೊಳೆಯ ಮನುಷ್ಯ. ನಮ್ಮಲ್ಲಿ ನೀರು ಏರಬೇಕಾದರೆ ಮೇಲೆ ಮಳೆಯಾಗಬೇಕು, ಇಲ್ಲವೇ ಯಾರಾದರೂ ಅಣೆಕಟ್ಟೆಯ ಬಾಗಿಲು ತೆಗೆಯಬೇಕು. ತೆಗೆಯುವ ಮುಂಚೆ ಟಾಂಟಾಂ ಹಾಕಿಸುತ್ತಾರೆ. ಇಲ್ಲಿ ಸಮುದ್ರ ದಿನಕ್ಕೆರಡು ಸಲ ಯಾರಿಗೂ ಹೇಳದೆ ಬರುತ್ತದೆ, ಹೇಳದೆ ಹೋಗುತ್ತದೆ. ಮೊದಲ ದಿನ ಒಣ ಮರಳಿನ ಮೇಲೆ ಲುಂಗಿ ಒಣಹಾಕಿ, ಪಕ್ಕದಲ್ಲಿ ಚಪ್ಪಲಿ ಬಿಟ್ಟು ನೆರಳಿಗೆ ಮಲಗಲು ಹೋದೆ. ಎದ್ದು ಬಂದರೆ ಅಲ್ಲಿ ಮೀನು ಈಜುತ್ತಿತ್ತು. ಲುಂಗಿ ಸಿಕ್ಕಿತು. ಎಡಗಾಲಿನ ಚಪ್ಪಲಿ ಸಿಕ್ಕಿತು.

ಹಡಗು ದಡದ ಮೇಲೆ ಗೂಟಗಳ ಆಸರೆಯಲ್ಲಿ ನಿಂತಿತ್ತು. ಅದರ ಒಡೆಯ ನಾಖುದಾ ಸಾಲಿಂ, ಎಪ್ಪತ್ತರ ಹತ್ತಿರದವರು. ನಾಖುದಾ ಎಂದರೆ ಹಡಗು ನಡೆಸುವ ಯಜಮಾನ. ಒಂದು ಕಾಲದಲ್ಲಿ ಇದೇ ಹಡಗಿನಲ್ಲಿ ಮಂಗಳೂರಿನಿಂದ ಹಂಚು ತಂದವರಂತೆ. ಮುಂಬಯಿಯ ಬಂದರಿನಲ್ಲಿ ಕಲಿತ ಮುರುಕು ಹಿಂದಿ ಅವರದು. ನನ್ನದೂ ಮುರುಕೇ ಆದ್ದರಿಂದ ಇಬ್ಬರಿಗೂ ಚೆನ್ನಾಗಿ ಹೊಂದಿತು.

ಕೈಗೆ ಕಾಫಿ ಬಟ್ಟಲು ಕೊಟ್ಟರು. ಹಾಲಿಲ್ಲ, ಸಕ್ಕರೆಯಿಲ್ಲ, ಏಲಕ್ಕಿಯ ಘಮ. ಕುಡಿದೆ, ಸುರಿದರು. ಕುಡಿದೆ, ಸುರಿದರು. ನಮ್ಮಲ್ಲಿ ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದು ಬಾಗಿಬಿಟ್ಟರೆ ಬಡಿಸುವವರು ಒಂದು ಸುತ್ತು ಬಿಟ್ಟು ಮುಂದೆ ಹೋಗುತ್ತಾರೆ. ಬಟ್ಟಲಿನ ಮೇಲೆ ಕೈ ಹಿಡಿದೆ. ನಾಖುದಾ ನನ್ನ ಕೈ ಪಕ್ಕಕ್ಕೆ ಸರಿಸಿ ಸುರಿದರು. ಎಂಟು ಬಟ್ಟಲಾದ ಮೇಲೆ ಮೊಯ್ದೀನಾಕ ಬಂದು, "ಬಟ್ಟಲನ್ನು ಸ್ವಲ್ಪ ಅಲ್ಲಾಡಿಸಿ ಕೊಡು. ಇಲ್ಲದಿದ್ರೆ ನಾಳೆ ಬೆಳಿಗ್ಗೆವರೆಗೆ ಹಾಕ್ತಾರೆ" ಎಂದರು.

ಎಡ, ಬಲ

ಹಡಗಿನ ಹೊಟ್ಟೆಯೊಳಗೆ ಮೀನೆಣ್ಣೆ, ಉಪ್ಪು, ಹಳೆ ಮರದ ವಾಸನೆ. ಒಂಬತ್ತು ಪಕ್ಕೆಮರ ಬದಲಿಸಬೇಕಿತ್ತು. ನೆಟ್ಟಗಿನ ಮರವನ್ನು ಕೊಯ್ದು ಬಾಗಿಸುವಂತಿಲ್ಲ. ಮರ ಹುಟ್ಟುವಾಗಲೇ ಬಾಗಿರಬೇಕು, ಇಲ್ಲದಿದ್ದರೆ ನಾರು ಕಡಿದು ಬಲ ಹೋಗುತ್ತದೆ. ಮರಳಿನಲ್ಲಿ ಬಿದ್ದಿದ್ದ ಕೊಂಬೆಗಳ ತೊಗಟೆ ನೋಡಿ ನನಗೆ ಊರಿನವರು ಸಿಕ್ಕಿದಂತಾಯಿತು. ಗೊಬ್ಬಳಿ! ನಮ್ಮಲ್ಲಿ ನೇಗಿಲು ಮಾಡುವ ಅದೇ ಮುಳ್ಳಿನ ಮರ. ಅಪ್ಪ ಕೆರೆ ಏರಿಯ ಮೇಲೆ ನಡೆಯುತ್ತಾ, "ಆ ಕೊಂಬೇಲೊಂದು ನೇಗ್ಲು ಕೂತದೆ ನೋಡ್ಲಾ" ಎನ್ನುತ್ತಿದ್ದ. ಇವರು ಅದೇ ಕೊಂಬೆಯಲ್ಲಿ ಹಡಗು ನೋಡುತ್ತಾರೆ.

ಮೊಯ್ದೀನಾಕನ ಕಟ್ಟಳೆ ಎರಡು. ಅಕ್ಕಪಕ್ಕದ ಎರಡು ಪಕ್ಕೆಮರಗಳನ್ನು ಒಟ್ಟಿಗೆ ಬಿಚ್ಚಬಾರದು. ಒಂದನ್ನು ತೆಗೆದಾಗ ಹಡಗಿನ ಆಕಾರವನ್ನು ಪಕ್ಕದವು ಹಿಡಿದುಕೊಂಡಿರಬೇಕು. ಇನ್ನೊಂದನ್ನು ನಾನು ಹಳೆಯ ಮರವನ್ನು ಬಿಚ್ಚಿ ಅಳೆಯಲು ಕೂತಾಗ ಹೇಳಿದರು.

"ಅದರ ಅಳತೆ ತೆಗಿಬೇಡ. ಅದು ಕೊಳೆತು ಜಗ್ಗಿಹೋಗಿದೆ. ಅದರ ಆಕಾರ ಅದಕ್ಕೇ ನೆನಪಿಲ್ಲ. ಎದುರಿನ ಬದಿಯಲ್ಲಿ ಅದರ ಜೊತೆಯದ್ದು ಉಂಟಲ್ಲ, ಅದರಿಂದ ತೆಗಿ."

ಬಲಗಡೆಯ ಮರಕ್ಕೆ ಎಡಗಡೆಯ ಮರದಿಂದ ಅಳತೆ ತೆಗೆದೆ. ಎರಡು ದಿನ ಬಾಚಿಯಲ್ಲಿ ಕೆತ್ತಿದೆ. ಕೂದಲೆಳೆ ವ್ಯತ್ಯಾಸವಿಲ್ಲದಂತೆ ಬಂತು. ಹೊತ್ತು ತಂದು ಜಾಗಕ್ಕೆ ಹಿಡಿದರೆ ಒಂದು ಅಂಚು ಹಲಗೆಗೆ ತಾಗುತ್ತದೆ, ಇನ್ನೊಂದು ಅಂಚಿನಲ್ಲಿ ಬೆರಳು ಹೋಗುತ್ತದೆ. ಹಡಗಿನ ಹೊಟ್ಟೆ ತುದಿಗೆ ಹೋದಂತೆ ಕಿರಿದಾಗುವುದರಿಂದ ಪಕ್ಕೆಮರದ ಹೊರಮೈ ಓರೆಯಾಗಿರಬೇಕು. ಎಡಗಡೆಯದರ ಓರೆ ಒಂದು ಕಡೆಗೆ, ಬಲಗಡೆಯದರದು ಇನ್ನೊಂದು ಕಡೆಗೆ. ಅಳತೆಯನ್ನು ತಿರುವಿ ಹಾಕಬೇಕಿತ್ತು. ನಾನು ಇದ್ದಂತೆಯೇ ಇಳಿಸಿಕೊಂಡಿದ್ದೆ.

ಮೊಯ್ದೀನಾಕ ಬೈಯಲಿಲ್ಲ. ನನ್ನ ಕಾಲು ನೋಡಿದರು. ಸಮುದ್ರ ಬಿಟ್ಟುಕೊಟ್ಟ ಎಡಗಾಲಿನ ಚಪ್ಪಲಿಯ ಜೊತೆಗೆ ಯಾರದೋ ಎಸೆದ ಇನ್ನೊಂದು ಎಡಗಾಲಿನ ಚಪ್ಪಲಿ ಹಾಕಿಕೊಂಡಿದ್ದೆ.

"ಹೀಗೆ ನಡೆಯುವವನಿಗೆ ಅದು ಹೇಗೆ ಗೊತ್ತಾಗಬೇಕು" ಎಂದರು. ದಡದ ತುಂಬಾ ನಗು. ಆ ಮರವನ್ನು ಎಡಬದಿಯಲ್ಲೇ ಕೆಟ್ಟಿದ್ದ ಇನ್ನೊಂದರ ಜಾಗಕ್ಕೆ ಸಣ್ಣದು ಮಾಡಿ ಕೂರಿಸಿದೆವು.

ನಾಖುದಾ ಕೇಳಿದ ಮಾತು

ಒಂಬತ್ತೂ ಮರ ಕೂತ ದಿನ, ಅವುಗಳ ಮೇಲೆ ಒಳಹಲಗೆ ಮುಚ್ಚುವ ಮೊದಲು ನಾಖುದಾ ಬಂದರು. ಖರ್ಜೂರದ ಬುಟ್ಟಿಯೊಂದನ್ನು ಬೋರಲು ಹಾಕಿ ಹಡಗಿನೊಳಗೆ ಕೂತರು. ಇದು ಅವರ ಅಪ್ಪನಿಂದ ಬಂದ ಪದ್ಧತಿಯಂತೆ. ಒಂದೊಂದು ಮರವನ್ನೂ ಕೂರಿಸಿದವನನ್ನೇ ಕರೆದು ಒಂದೇ ಮಾತು ಕೇಳುತ್ತಾರೆ: "ಕಮ್ಜೋರ್ ಕಿಧರ್?" ಎಲ್ಲಿ ಸಡಿಲ?

ನನ್ನ ಸರದಿ ಬಂತು. "ಕಿಧರ್ ಭೀ ನಹೀಂ" ಎಂದೆ. ಎಲ್ಲೂ ಇಲ್ಲ. ಹೊಗಳುತ್ತಾರೆ ಅಂದುಕೊಂಡೆ.

ಅವರು ಅಲ್ಲಾಡಲಿಲ್ಲ. ಕೂತೇ ಇದ್ದರು. ಕಾಫಿ ಪಾತ್ರೆ ಹಿಡಿದು ನಿಂತವನೂ ನಿಂತೇ ಇದ್ದ.

"ಹೇಳು ಮಾರಾಯ" ಎಂದರು ಮೊಯ್ದೀನಾಕ. "ಇಲ್ಲ ಅಂದ್ರೆ ಅವರು ಏಳುವುದಿಲ್ಲ. ಕಮ್ಮಿ ಇಲ್ಲದ ಮರ ದುನಿಯಾದಲ್ಲಿ ಇಲ್ಲ. ಕೂರಿಸಿದವನಿಗೆ ಗೊತ್ತಿರ್ತದೆ."

ಗೊತ್ತಿತ್ತು. ಮೂರನೇ ಮರದಲ್ಲಿ ಬೈರಿಗೆಯ ತೂತು ಸಣ್ಣದಾಗಿ, ಮೊಳೆ ಹೊಡೆದಾಗ ಒಂದು ಸೀಳು ಬಿಟ್ಟಿತ್ತು. ಎಣ್ಣೆ ಸವರಿ ಕಾಣದಂತೆ ಮಾಡಿದ್ದೆ. ಎಣ್ಣೆ ಒರೆಸಿ ಅದನ್ನು ತೋರಿಸಿದೆ. ಕಿತ್ತು ಹಾಕು ಎನ್ನುತ್ತಾರೆ ಅಂದುಕೊಂಡೆ. ನಾಖುದಾ ಬಗ್ಗಿ, ಉಗುರಿನಿಂದ ಸೀಳನ್ನು ಮುಟ್ಟಿ ನೋಡಿದರು. ಹಡಗಿನ ತಳಕ್ಕೆ ಬಳಿಯಲು ಕಲೆಸಿಟ್ಟ ಸುಣ್ಣದಲ್ಲಿ ಬೆರಳು ಅದ್ದಿ, ಅಲ್ಲೊಂದು ಬೊಟ್ಟಿಟ್ಟರು. ತಮ್ಮ ಭಾಷೆಯಲ್ಲಿ ಏನೋ ಹೇಳಿದರು.

ಮೊಯ್ದೀನಾಕ ನನಗೆ ತಿಳಿಸಿದರು: "ಸಮುದ್ರದ ನಡುವೆ ನೀರು ಬಂದ್ರೆ ಮೊದಲು ಎಲ್ಲಿ ನೋಡ್ಬೇಕು ಅಂತ ಗೊತ್ತಾಯ್ತಲ್ಲ, ಸಾಕಂತೆ. ಇದು ತಾಳ್ತದೆ. ಹೇಳದ ತೂತು ತಾಳುವುದಿಲ್ಲ, ಹುಡುಕುವಷ್ಟರಲ್ಲಿ ಮುಳುಗ್ತೇವೆ."

ಕಾಫಿ ಬಂತು. ನನಗೆ ಬಟ್ಟಲು ಅಲ್ಲಾಡಿಸುವುದು ಮರೆತುಹೋಯಿತು. ಅಣ್ಣ ಮೂರು ವರ್ಷದಿಂದ ತೂತನ್ನು ತಪ್ಪು ಜಾಗದಲ್ಲಿ ಹುಡುಕುತ್ತಿದ್ದ. ತನ್ನ ಬೆರಳುಗಳಲ್ಲಿ, ತನ್ನ ಎಣಿಕೆಯಲ್ಲಿ ಹುಡುಕುತ್ತಿದ್ದ.

ಅಲ್ಲಿ ಮಧ್ಯಾಹ್ನದ ಊಟವಾದ ಮೇಲೆ ಊರಿಗೆ ಊರೇ ಮಲಗುತ್ತದೆ. ಮರುದಿನ ಆ ಹೊತ್ತಿನಲ್ಲಿ ಟೇಪ್ ರೆಕಾರ್ಡರ್ ತಂದು, ಖಾಲಿ ಕ್ಯಾಸೆಟ್ಟಿಗೆ ಎಲ್ಲವನ್ನೂ ಹೇಳಿದೆ. ಗಲ್ಫಿಗೆ ಹೋದವರು ಕಾಗದ ಬರೆಯುವ ಬದಲು ಹೀಗೆ ಮಾತು ತುಂಬಿ ಕಳಿಸುತ್ತಿದ್ದ ಕಾಲ ಅದು. ತಿರುಗಿ ಹಾಕಿ ಕೇಳಿದೆ. ಅತ್ತಿಗೆ, ಅಕ್ಕಪಕ್ಕದವರು ಎಲ್ಲ ಸುತ್ತ ಕೂತು ಕೇಳುತ್ತಾರೆ, ಅಣ್ಣ ಯಾರ ಮುಖ ನೋಡಬೇಕು ಅನ್ನಿಸಿತು. ಅದರ ಮೇಲೆಯೇ "ಊಟ ಚೆನ್ನಾಗೈತೆ, ಬಿಸ್ಲು ಜಾಸ್ತಿ" ಎಂದು ತುಂಬಿ ಕಳಿಸಿದೆ. ಎದುರಿಗೆ ನಿಂತೇ ಹೇಳಬೇಕಾದ ಮಾತು ಅದು ಎಂದು ಸಮಾಧಾನ ಮಾಡಿಕೊಂಡೆ. ನಿಜ ಹೇಳಬೇಕೆಂದರೆ ಪುಕ್ಕಲುತನವೂ ಇತ್ತು.

ಹಡಗನ್ನು ನೀರಿಗೆ ಇಳಿಸಿದ ದಿನ ನಾನು ಗಾಬರಿಯಾದೆ. ಒಳಗೆಲ್ಲ ನೀರು ಜಿನುಗುತ್ತಿತ್ತು, ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಒಣಗಿದ ಮರ ಎರಡು ದಿನ ನೀರು ಕುಡಿದು ಊದಿಕೊಂಡು ತನ್ನ ಸಂದುಗಳನ್ನು ತಾನೇ ಮುಚ್ಚಿಕೊಂಡಿತು. ಮೂರನೇ ದಿನ ನಾಖುದಾ ಒಂದು ಬಟ್ಟೆಯಿಂದ ತಳ ಒರೆಸಿ, ಒಣಗಿಯೇ ಇದ್ದ ಬಟ್ಟೆಯನ್ನು ನನ್ನ ಮುಖಕ್ಕೆ ಹಿಡಿದು ನಕ್ಕರು. ಹೊರಡುವಾಗ ನನಗೊಂದು ಜೊತೆ ಚಪ್ಪಲಿ ಕೊಟ್ಟರು. ಒಂದು ಎಡ, ಒಂದು ಬಲ. ಎತ್ತಿ ಎತ್ತಿ ತೋರಿಸಿ ಕೊಟ್ಟರು.

ದೇವಲಾಪುರ

ಮೈಸೂರಿನಿಂದ ಬಸ್ಸು ಶ್ರೀರಂಗಪಟ್ಟಣ, ಪಾಂಡವಪುರ ದಾಟುವ ತನಕ ನಾಲೆಗಳು ಜೊತೆಗೆ ಬಂದವು. ಆಮೇಲೆ ನೆಲ ಕೆಂಪಾಯಿತು. ಸೂರಿನ ಬೆಟ್ಟ ನೋಡಿದ ಕಣ್ಣಿಗೆ ದೇವಲಾಪುರದ ಒಣ ಹೊಲಗಳೂ ತಂಪಾಗಿ ಕಂಡವು. ಅಣ್ಣನ ಮನೆಯ ಪಕ್ಕದಲ್ಲಿ, ಹೊಂಗೆ ಮರದ ಕೆಳಗೆ ದೋಣಿ ಬೋರಲು ಬಿದ್ದಿತ್ತು. ಅದರೊಳಗೆ ಕೋಳಿಗಳು ಮೊಟ್ಟೆ ಇಡುತ್ತಿದ್ದವು.

ದಾರಿಯಲ್ಲಿ ಹೋಗುತ್ತಿದ್ದವನೊಬ್ಬ ಕೂಗಿದ: "ಬೋರಣ್ಣ, ನಿನ್ ತಮ್ಮ ಪಾರಿನ್‌ನಿಂದ ಬಂದವ್ನಲ್ಲ, ನಮ್ಮೂರ್ಗೂ ಒಂದು ಸಮುದ್ರ ತಂದವ್ನಾ ಕೇಳು! ದೋಣಿ ಅಂತೂ ರೆಡಿ ಐತೆ."

ಅಣ್ಣ ನಕ್ಕ. ಹಸುವಿಗೆ ಮೇವು ಕತ್ತರಿಸುತ್ತಿದ್ದ. ಅತ್ತಿಗೆ ಒಳಗೆ ಮುದ್ದೆ ತಿರುವುತ್ತಿದ್ದರು. ನಾನು ಚಪ್ಪಲಿ ಬಿಟ್ಟು ಅವನೆದುರು ಕುಕ್ಕರಗಾಲಿನಲ್ಲಿ ಕೂತೆ. ಖರ್ಜೂರದ ಪೊಟ್ಟಣ ಕೊಡಲಿಲ್ಲ. ಕೊಟ್ಟು ಹೇಳಿದರೆ ಲಂಚದಂತಾಗುತ್ತದೆ ಅನ್ನಿಸಿತ್ತು.

"ಅಣ್ಣ, ಆ ಬಲಗಡೆ ಪಕ್ಕೆಮರ ಆವತ್ತೇ ಒಳಗೆ ಉಡಿಯಾಗಿತ್ತು. ನಂಗೊತ್ತಿತ್ತು. ಪುಡಿ ತುಂಬಿ ಟಾರು ಬಳ್ದು ಕಬಡ್ಡಿಗೆ ಓಗ್ಬುಟ್ಟೆ."

ಕುಡುಗೋಲು ನಿಂತಿತು.

"ಭಾರಕ್ಕೆ ಮುರೀಲಿಲ್ವಾ?"

"ಇಲ್ಲ ಕಣಣ್ಣ. ನಾಕ್ ಜನ ಕೂತಿದ್ರೂ ಮುರೀತಿತ್ತು."

ಅಣ್ಣ ನನ್ನನ್ನು ನೋಡಲಿಲ್ಲ. ತನ್ನ ಕೈ ನೋಡಿಕೊಂಡ. ಒಂದೊಂದೇ ಬೆರಳು ಮಡಚಿದ. ಯಾವ ಯಾವ ಬೆರಳಿಗೆ ಯಾರ ಯಾರ ಮುಖವೋ, ತುಟಿ ಅಲುಗುತ್ತಿತ್ತು. ಆಮೇಲೆ ಒಳಗೆ ತಿರುಗಿ ಕೂಗಿದ.

"ಲೇ ಇವ್ಳೇ! ಅನ್ನೊಂದೇ ಕಣೇ! ನಾನು ಎಣ್ಸಿದ್ದು ಸರಿಯಾಗೇ ಇತ್ತು!"

ಅತ್ತಿಗೆ ಹಿಟ್ಟಿನ ಕೈಯಲ್ಲೇ ಹೊರಗೆ ಬಂದರು. "ಏನ್ ಅನ್ನೊಂದು? ಮೊಟ್ಟೇನಾ?"

ಅಣ್ಣ ಕುಡುಗೋಲು ಕೆಳಗಿಟ್ಟ. ಎದ್ದು ಬಂದು ನನ್ನ ಬೆನ್ನಿಗೆ ಒಂದು ಗುದ್ದಿದ, ಅಪ್ಪ ಗುದ್ದುತ್ತಿದ್ದ ಹಾಗೆ. "ಮೂರು ವರ್ಸ ಕಣ್ಲಾ, ಬಡ್ಡೀಮಗನೆ! ಮೂರು ವರ್ಸ ನಿದ್ದೇಲೂ ಎಣ್ಸಿವ್ನಿ!" ಎಂದವನು ಹೊಲದ ಕಡೆ ನಡೆದುಬಿಟ್ಟ.

ಎರಡು ದಿನ ನನ್ನ ಜೊತೆ ಮಾತಿಲ್ಲ. ಊಟಕ್ಕೆ ಜೊತೆಗೆ ಕೂರುತ್ತಿದ್ದ, ನನಗೆ ಸಾರು ಬೇಕಾದರೆ ಅತ್ತಿಗೆಗೆ ಹೇಳಿ ನನ್ನ ಕಡೆ ತಳ್ಳಿಸುತ್ತಿದ್ದ. ಅತ್ತಿಗೆಗೆ ಹಡಗಿನ ಕಥೆ, ಎಡ ಬಲದ ಕಥೆ, ನಾಖುದಾನ ಸುಣ್ಣದ ಕಥೆ ಎಲ್ಲ ಹೇಳುತ್ತಿದ್ದೆ. ಅಣ್ಣ ಗೋಡೆ ಕಡೆ ತಿರುಗಿ ಕೇಳುತ್ತಿದ್ದ. ಹುರಿಹಿಟ್ಟಿನ ಕಥೆಗೆ ಅವನ ಬೆನ್ನು ಕುಲುಕಿದ್ದನ್ನು ನಾನು ನೋಡಿದೆ.

ಮೂರನೇ ಬೆಳಿಗ್ಗೆ ಜಗಲಿಯ ಮೇಲೆ ಧೊಪ್ಪನೆ ಏನೋ ಬಿತ್ತು. ಬಾಗಿದ ಒಂದು ಗೊಬ್ಬಳಿ ಕೊಂಬೆ.

"ನೇಗ್ಲು ಮಾಡಕ್ಕೆ ಕಡ್ದು ನೆಳ್ಳಲ್ಲಿ ಒಣ್ಗಾಕಿದ್ದೆ" ಎಂದ ಅಣ್ಣ. "ಎಡಗಡೇದು ಗಟ್ಟಿಯಾಗೈತೆ, ನಾನೇ ಚುಚ್ಚಿ ನೋಡಿವ್ನಿ. ಅದ್ರಿಂದ ಅಳ್ತೆ ತಕ್ಕೊ. ತಿರುವಾಕೋದ ಮರ್ತೀಯ."

ಕೋಳಿಗಳನ್ನು ಓಡಿಸಿ ದೋಣಿಯನ್ನು ಮಗುಚಿದೆವು. ಮೂರು ದಿನದ ಕೆಲಸಕ್ಕೆ ನಾಲ್ಕು ದಿನ ಹಿಡಿಯಿತು. ಹೋಗುವವರು ಬರುವವರೆಲ್ಲ ನಿಂತು ನೋಡಿದರು. "ಎಲ್ ಬುಡ್ತೀರಿ ಈ ದೋಣಿಯ, ರಾಗಿ ಒಲದಲ್ಲಾ?" ಎಂದು ಅತ್ತಿಗೆ ನಕ್ಕರು. "ಮೊದ್ಲು ನೆಟ್ಗಾಗ್ಲಿ. ಒಳೆ ಎಲ್ಲೂ ಓಗಿಲ್ಲ, ಅಲ್ಲೇ ಐತೆ" ಎಂದ ಅಣ್ಣ.

ಕೊನೆಯ ಮೊಳೆ ಹೊಡೆದು ಕೊಡತಿ ಕೆಳಗಿಟ್ಟೆ. ಅಣ್ಣ ದೋಣಿಯೊಳಗೆ ಹತ್ತಿ ನಿಂತು ಹೊಸ ಮರವನ್ನು ಕಾಲಿನಿಂದ ಒತ್ತಿ ನೋಡಿದ. ಎಂಗೈತ್ಲಾ ಎಂದು ಅವನು ಕೇಳುವ ಮೊದಲೇ ನಾನು ಹೇಳಿದೆ.

"ಕೆಳಗಿಂದ ಎರಡ್ನೇ ಮೊಳೆ ತಾವ ಒಂದು ಗಂಟೈತೆ ಕಣಣ್ಣ. ಅಲ್ಲಿ ವಸಿ ಸಡ್ಲ."

ಅಣ್ಣ ಬಗ್ಗಿ ನೋಡಿದ. ಸೊಂಟದ ಎಲೆಅಡಿಕೆ ಚೀಲದಿಂದ ಸುಣ್ಣದ ಡಬ್ಬಿ ತೆಗೆದ. ತೋರುಬೆರಳಲ್ಲಿ ಒಂದಿಷ್ಟು ತೆಗೆದು, ಆ ಗಂಟಿನ ಮೇಲೆ ಬೊಟ್ಟಿಟ್ಟ. ಬೆರಳಿನಲ್ಲಿ ಉಳಿದದ್ದನ್ನು ಎಲೆಗೆ ಸವರಿ, ಅಡಿಕೆ ಇಟ್ಟು ಮಡಚಿ, ನನ್ನ ಕೈಗೆ ಕೊಟ್ಟ.